ದಿವಾನಿಯಾದಲ್ಲಿ ಆಡಿದ ಮಾತು

ಜನವರಿ 14, ಮಂಗಳವಾರ

ಇವತ್ತು ಎದೆಯುಬ್ಬಿಸಿಕೊಂಡು ಬರೆಯುತ್ತಿದ್ದೇನೆ. ಹೇಗಿದ್ದರೂ ಇದನ್ನು ಓದುವವನು ನಾನೊಬ್ಬನೇ, ಜಂಬಕ್ಕೇನು ಅಡ್ಡಿ?

ಸಬೀಕಾ ನಿನ್ನೆ ವರದಿ ತಂದುಕೊಟ್ಟಳು. ನಮ್ಮ ಶೀತಾಗಾರ ಕಂಪನಿಯಲ್ಲಿ ಆಂತರಿಕ ಲೆಕ್ಕ ತಪಾಸಣೆಯ ಕೆಲಸ ಅವಳದು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ತೀರಿಹೋದ ಗೆಳೆಯನ ಮಗಳು, ಕಂಪನಿಗೆ ಸೇರಿದ್ದೂ ನನ್ನ ಮಾತಿನ ಮೇಲೆಯೇ. ಹೋದ ಬೇಸಿಗೆಯಲ್ಲಿ ಶುವೈಖ್ ಬಂದರಿನ ದೊಡ್ಡ ಉಗ್ರಾಣದ ತಂಪು ಯಂತ್ರ ಕೆಟ್ಟು ಅಲ್ಲಿದ್ದ ಮಾಂಸವೆಲ್ಲ ಕೊಳೆತಿದೆ. ಅಧ್ಯಕ್ಷ ಬರ್ರಾಕ್ ಮಹಾಶಯ ಅದನ್ನು ಮತ್ತೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಲೆಕ್ಕದಲ್ಲಿ ಒಳ್ಳೆಯ ಮಾಂಸವೆಂದೇ ಇಟ್ಟುಕೊಂಡಿದ್ದಾನೆ. ಲಾಭ ಅಂತ ಜನಕ್ಕೆ ತೋರಿಸುತ್ತಿರುವುದು ಈ ಕೊಳೆತ ಮಾಂಸವನ್ನು! ಸಬೀಕಾ ತನ್ನ ಕರಿ ನಿಲುವಂಗಿ ಅಬಾಯಾದ ಮೇಲೆ ಗಂಡಸರ ದಪ್ಪ ಕೋಟು ಹಾಕಿಕೊಂಡು ತಾನೇ ಒಳಗೆ ಹೋಗಿ ಪೆಟ್ಟಿಗೆ ಒಡೆಸಿ ನೋಡಿದಳಂತೆ. ಕರಗಿದ ತುಂಡಿನ ವಾಸನೆ ಎಷ್ಟು ತೊಳೆದರೂ ಕೂದಲಿನಿಂದ ಹೋಗಲಿಲ್ಲ ಅಂದಳು. ಹುಲಿ, ನನ್ನ ಹುಡುಗಿ.

ಬರ್ರಾಕ್ ನನ್ನನ್ನು ಸ್ವತಂತ್ರ ನಿರ್ದೇಶಕ ಅಂತ ಕೂರಿಸಿದ್ದು ಕಾನೂನು ಕೇಳುತ್ತದೆ ಎಂಬ ಒಂದೇ ಕಾರಣಕ್ಕೆ. ಹೆಸರಿನ ಮುಂದೆ ಡಾಕ್ಟರೇಟ್ ಇರುವ ನಿವೃತ್ತ ಮೇಷ್ಟ್ರು, ಖರ್ಜೂರ ತಿಂದು ತಲೆಯಾಡಿಸಿಕೊಂಡಿರುತ್ತಾನೆ ಅಂದುಕೊಂಡಿದ್ದ. ಲೆಕ್ಕ ಪರಿಶೋಧನಾ ಸಮಿತಿಗೆ ನಾನು ಮುಖ್ಯಸ್ಥ. ನಷ್ಟವನ್ನು ಪ್ರಕಟ ಮಾಡಿಸಿಯೇ ತೀರುತ್ತೇನೆ. ಮಂಡಳಿಯ ಸಭೆಯ ತನಕ ವರದಿಯ ವಿಷಯ ಮೂವರಲ್ಲೇ ಇರಬೇಕು: ಸಬೀಕಾ, ನಾನು, ಬರ್ರಾಕ್. ಒಳಗಿನ ಸುದ್ದಿ ಪ್ರಕಟವಾಗುವ ಮುನ್ನ ಹೊರಗೆ ಹೋಗಬಾರದು, ಹೋದರೆ ಅಪರಾಧ. ಇದನ್ನೇ ಜೀವನವಿಡೀ ಪಾಠ ಹೇಳಿದವನು ನಾನು.

ಸಂಜೆ ನಮ್ಮ ದಿವಾನಿಯಾ ತುಂಬಿತ್ತು. ಅಪ್ಪನ ಕಾಲದಿಂದಲೂ ಮಂಗಳವಾರ ನಮ್ಮ ಮನೆಯ ಮುಂದಿನ ಈ ಕೋಣೆಯ ಬಾಗಿಲು ತೆರೆದಿರುತ್ತದೆ. ಬಂದ ಗಂಡಸರು ಗೋಡೆಗುಂಟ ದಿಂಬಿಗೊರಗಿ ಚಹಾ ಕುಡಿದು ಊರ ಸುದ್ದಿಯೆಲ್ಲ ಆಡಿ ಹೋಗುತ್ತಾರೆ. ಬೂ ಶಮ್ಲಾನ್ ಪಕ್ಕದಲ್ಲೇ ಕೂತಿದ್ದ. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಎಲ್ಲರಂತೆ ಅವನೂ ನನ್ನನ್ನು ಮಗನ ಹೆಸರಿನಿಂದಲೇ ಕರೆಯುತ್ತಾನೆ: ಬೂ ಗಾನಿಮ್, ಗಾನಿಮ್‌ನ ಅಪ್ಪ.

"ಬೂ ಗಾನಿಮ್, ಮಗಳ ಮದುವೆ ಹತ್ರ ಬಂತು. ನನ್ನ ಗಂಟೆಲ್ಲ ನಿಮ್ಮ ಶೀತಾಗಾರದ ಷೇರಲ್ಲಿದೆ. ಇಟ್ಕೊಳ್ಲಾ, ಮಾರ್ಲಾ?"

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟೊತ್ತಿಗೆ ಮಾರಿರ್ತಿದ್ದೆ ಮಾರಾಯ" ಅಂದೆ.

ನಮ್ಮ ದಿಂಬಿಗೊರಗಿ ನಮ್ಮ ಚಹಾ ಕುಡಿಯುವವನು ಬಾಯಿಬಿಟ್ಟು ಕೇಳಿದಾಗ ಮುಖ ತಿರುಗಿಸಲಾಗುತ್ತದೆಯೇ? ವರದಿಯ ಒಂದಕ್ಷರವನ್ನೂ ನಾನು ಹೇಳಲಿಲ್ಲ. ಆಮೇಲೆ ಮಾತು ಒಂಟೆ ಓಟದ ಕಡೆ ಹೊರಳಿತು.

ಜನವರಿ 20, ಸೋಮವಾರ

ಗೆದ್ದೆವು!

ಮಂಡಳಿಯ ಸಭೆಯಲ್ಲಿ ಬರ್ರಾಕ್ ಮೊದಲು ನಕ್ಕ, ಆಮೇಲೆ ಕೂಗಾಡಿದ, ಕೊನೆಗೆ ನನ್ನ ಅಪ್ಪನ ಹೆಸರೆತ್ತಿ ಸಂಬಂಧ ನೆನಪಿಸಿದ. ನಾನು ಅಲುಗಾಡಲಿಲ್ಲ. ಸಬೀಕಾ ಪೆಟ್ಟಿಗೆಗಳ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ನಿರ್ದೇಶಕರು ಖರ್ಜೂರದ ತಟ್ಟೆಯನ್ನು ದೂರ ತಳ್ಳಿದರು. ನಷ್ಟವನ್ನು ಗುರುವಾರ ಪ್ರಕಟಿಸುವುದೆಂದು ತೀರ್ಮಾನವಾಯಿತು.

"ಪಾಠ ಚೆನ್ನಾಗಿತ್ತು ಡಾಕ್ಟ್ರೇ" ಅಂದ ಬರ್ರಾಕ್, ಹೊರಗೆ ಬರುವಾಗ.

ಕಾರಿನ ಹತ್ತಿರ ಸಬೀಕಾಳ ಕಣ್ಣಲ್ಲಿ ನೀರು. "ಚಿಕ್ಕಪ್ಪಾ, ನೀವಿಲ್ದಿದ್ರೆ ನನ್ನ ಕಥೆ ಇವತ್ತೇ ಮುಗೀತಿತ್ತು."

"ನಾನಿರೋ ತನಕ ನಿನ್ನ ಕೂದಲೂ ಕೊಂಕಲ್ಲ" ಅಂದೆ. ನಿಜ ಕೂಡ ಹೌದು. ನನ್ನ ಸಮಿತಿಯ ಒಪ್ಪಿಗೆಯಿಲ್ಲದೆ ಅವಳನ್ನು ಯಾರೂ ಕೆಲಸದಿಂದ ತೆಗೆಯುವಂತಿಲ್ಲ, ನಿಯಮ ಹಾಗಿದೆ.

ಜನವರಿ 23, ಗುರುವಾರ

ನಷ್ಟ ಪ್ರಕಟವಾಯಿತು. ಷೇರು ಬಿತ್ತು. ವಿಚಿತ್ರವೆಂದರೆ ಅದು ಹೋದ ವಾರದಿಂದಲೇ ಬೀಳುತ್ತಿತ್ತಂತೆ. ಯಾರೋ ಮಾರಿದ್ದಾರೆ, ಅವರನ್ನು ನೋಡಿ ಇನ್ಯಾರೋ ಮಾರಿದ್ದಾರೆ. ಬರ್ರಾಕನ ಕಡೆಯವರದೇ ಕೆಲಸ ಇರಬೇಕು, ಕಳ್ಳರು.

ಫೆಬ್ರವರಿ 4, ಮಂಗಳವಾರ

ಬೂ ಶಮ್ಲಾನ್ ದಿವಾನಿಯಾಗೆ ಒಂದು ಬುಟ್ಟಿ ಫಗಾ ತಂದ. ಮರುಭೂಮಿಯ ಈ ಅಣಬೆ ಈ ವರ್ಷ ಮಳೆ ಕಮ್ಮಿಯಾಗಿ ಸಿಗುವುದೇ ಕಷ್ಟ, ಬಂಗಾರದ ಬೆಲೆ. ಎಲ್ಲರೆದುರು ನನ್ನ ತಲೆಗೆ ಮುತ್ತಿಟ್ಟ.

"ನನ್ನ ಮಗಳ ಮದುವೆ ಉಳಿಸಿದವನು ಇವನು! ಮಾರು ಅಂದ, ಮಾರಿದೆ, ಬಚಾವಾದೆ!"

"ನಮ್ಗೂ ಒಂದ್ಮಾತು ಕಿವೀಲಿ ಹೇಳ್ಬಾರ್ದಿತ್ತಾ ಬೂ ಗಾನಿಮ್?" ಅಂತ ಮೂಲೆಯಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಬುಟ್ಟಿ ಎತ್ತಿಕೊಂಡು ಒಳಗೆ ನಡೆದೆ.

ಹೆಂಡತಿ ಹೆಸ್ಸಾ ಅಡುಗೆಮನೆಯಲ್ಲಿ ಫಗಾದ ಮಣ್ಣು ತೊಳೆಯುತ್ತಾ ಕೇಳಿದಳು: "ಏನು ಉಪಕಾರ ಮಾಡಿದ್ರಿ ಅಂತ ಇಷ್ಟು ತಂದಿದಾನೆ?"

"ಸುಮ್ನೆ. ಹಳೇ ಗೆಳೆಯ."

"ಹಳೇ ಗೆಳೆಯ ಹೋದ ವರ್ಷ ಒಂದು ಕಾಳೂ ತರ್ಲಿಲ್ಲ" ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಹೆಂಗಸಿನ ಕಣ್ಣು ತಪ್ಪಿಸಲು ನನಗೆ ಬಂದಿಲ್ಲ. ಎಲ್ಲ ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು.

ಅನ್ನದ ಜೊತೆ ಫಗಾ ಬೇಯಿಸಿದ್ದಳು. ತಿನ್ನಲಾಗಲಿಲ್ಲ.

ಫೆಬ್ರವರಿ 9, ಭಾನುವಾರ

ಷೇರುಪೇಟೆಯ ಪ್ರಾಧಿಕಾರದಿಂದ ಪತ್ರ ಬಂದಿದೆ. ಮಂಡಳಿಯ ಸಭೆಗೂ ಮೊದಲೇ ಸುದ್ದಿ ಸೋರಿದೆ, ಆಗ ವರದಿ ಯಾರ ಯಾರ ಕೈಯಲ್ಲಿತ್ತು ತಿಳಿಸಿ ಅಂತ. ಮೂರು ಹೆಸರು. ಬರ್ರಾಕನ ಮನೆಯವರು ಒಂದು ಷೇರನ್ನೂ ಮಾರಿಲ್ಲ, ಪಾಪ, ಅವರೇ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು. ಆದರೆ ಸಬೀಕಾಳ ತಮ್ಮ ಜರ್ರಾಹ್ ಅದೇ ವಾರ ತನ್ನ ಪಾಲನ್ನೆಲ್ಲ ಮಾರಿದ್ದಾನೆ.

ಅವಳು ಫೋನ್ ಮಾಡಿದ್ದಳು.

"ಅವನಿಗೆ ನಾನು ಹೇಳಿಲ್ಲ ಚಿಕ್ಕಪ್ಪಾ, ದೇವರಾಣೆ! ಯಾವುದೋ ದಿವಾನಿಯಾದಲ್ಲಿ ಕೇಳಿದ್ದಂತೆ. ದೊಡ್ಡವರೊಬ್ಬರು ಮಾರು ಅಂದ್ರಂತೆ ಅಂತ ಯಾರೋ ಅಂದ್ರಂತೆ. ಯಾರು ಅಂದ್ರೆ ಗೊತ್ತಿಲ್ಲ ಅಂತಾನೆ. ನಾನು ಹೆಂಗಸು, ಯಾವ ದಿವಾನಿಯಾದ ಬಾಗ್ಲು ತಟ್ಟಿ ಕೇಳ್ಲಿ ಹೇಳಿ? ನೀವು ಎಲ್ಲಾ ಕಡೆ ಹೋಗ್ತೀರಲ್ಲ, ಸ್ವಲ್ಪ ವಿಚಾರಿಸ್ತೀರಾ? ಆ ಮಾತು ಮೊದಲು ಆಡಿದ್ದು ಯಾರು ಅಂತ ಒಂದು ಗೊತ್ತಾದ್ರೆ ಸಾಕು."

"ವಿಚಾರಿಸ್ತೀನಿ ಮಗಳೇ" ಅಂದೆ.

ಫೆಬ್ರವರಿ 10, ಸೋಮವಾರ

ನಾಳೆ ಪ್ರಾಧಿಕಾರಕ್ಕೆ ಹೋಗಿ ಹೇಳಿಬಿಡುತ್ತೇನೆ. ಅದರಲ್ಲೇನಿದೆ?

ಫೆಬ್ರವರಿ 11, ಮಂಗಳವಾರ

ಅಂಗಿ ಇಸ್ತ್ರಿಯಾಗಿತ್ತು, ಘುತ್ರಾ ತಲೆಗೆ ಸುತ್ತಿ ಕಾರಿನ ತನಕ ಹೋಗಿದ್ದೆ. ಆಮೇಲೆ ಬೂ ಶಮ್ಲಾನ್ ನೆನಪಾದ. ನಾನು ಬಾಯಿಬಿಟ್ಟರೆ ಮೊದಲು ಎಳೆದೊಯ್ಯುವುದು ಅವನನ್ನು. ಮಗಳ ಮದುವೆ ಎದುರಿಗಿದೆ. ನಮ್ಮ ಮನೆಯ ಚಹಾ ಕುಡಿದವನನ್ನು ನಾನೇ ಹಿಡಿದುಕೊಡುವುದೇ? ನಾಳೆಯಿಂದ ಈ ಊರಲ್ಲಿ ಯಾವ ಗಂಡಸು ಯಾರ ದಿವಾನಿಯಾದಲ್ಲಿ ಬಾಯಿಬಿಟ್ಟಾನು?

ಕಾರಿನ ಬಾಗಿಲು ಮುಚ್ಚಿ ವಾಪಸು ಬಂದೆ. ಹೆಸ್ಸಾ ಕಿಟಕಿಯಲ್ಲಿದ್ದಳು. "ಏನು, ಕಾರು ಕೆಟ್ಟಿತಾ?" ಅಂದಳು. ಒಳಗೆ ಹೋಗಿ ಘುತ್ರಾ ಬಿಚ್ಚಿಟ್ಟೆ.

ಸಂಜೆ ದಿವಾನಿಯಾ ಕಿಕ್ಕಿರಿದಿತ್ತು. ನನ್ನ ಬಾಯಿಂದ ಏನಾದರೂ ಉದುರುತ್ತದೆಯೇನೋ ಅಂತ ಈಗ ಅಪರಿಚಿತರೂ ಬರುತ್ತಿದ್ದಾರೆ. ಥೂ.

ಫೆಬ್ರವರಿ 18, ಮಂಗಳವಾರ

ಬರ್ರಾಕ್ ಕಚೇರಿಗೆ ಕರೆಸಿಕೊಂಡ. ಕೇಸರಿ ಹಾಕಿದ ಚಹಾ ತಾನೇ ಬಗ್ಗಿಸಿಕೊಟ್ಟ. ಇಷ್ಟು ಮೃದುವಾಗಿ ಅವನು ಮಾತಾಡಿದ್ದು ನಾನು ಕಂಡೇ ಇಲ್ಲ.

"ಡಾಕ್ಟ್ರೇ, ನಂಗೆ ಯಾರ ಮೇಲೂ ದ್ವೇಷ ಇಲ್ಲ. ಪ್ರಾಧಿಕಾರಕ್ಕೆ ಒಂದು ಉತ್ತರ ಬೇಕು, ಅಷ್ಟೇ. ಆ ಹುಡುಗಿನ ಸ್ವಲ್ಪ ದಿನ ಮನೇಲಿ ಕೂರ್ಸೋಣ. ಇಲ್ದಿದ್ರೆ ಅವರು ಒಂದೊಂದೇ ದಿವಾನಿಯಾ ಹೊಕ್ಕು, ಯಾರ ಮನೇಲಿ ಯಾರು ಏನಂದ್ರು ಅಂತ ಕೇಳ್ತಾ ಬರ್ತಾರೆ. ನಿಮ್ಮದೂ ಮಂಗಳವಾರ ಅಲ್ವಾ?"

ಅವನಿಗೆ ಗೊತ್ತಿದೆ. ಅಥವಾ ಗೊತ್ತಿಲ್ಲ, ಸುಮ್ಮನೆ ಕತ್ತಲಲ್ಲಿ ಕಲ್ಲೆಸೆದು ನೋಡುತ್ತಿದ್ದಾನೆ. ಮುಖ ಕಾಣದಿರಲಿ ಅಂತ ಚಹಾದ ಲೋಟ ಎತ್ತಿಕೊಂಡೆ.

"ನೋಡೋಣ" ಅಂದೆ. ಇಲ್ಲ ಅನ್ನಬೇಕಿತ್ತು, ಮೇಜು ಗುದ್ದಿ ಎದ್ದು ಬರಬೇಕಿತ್ತು. ನೋಡೋಣ ಅಂದೆ.

ಮಾರ್ಚ್ 3, ಸೋಮವಾರ

ರಂಜಾನ್ ಶುರುವಾಯಿತು. ಮೊದಲ ದಿನಗಳಲ್ಲಿ ರಾತ್ರಿ ಉಪವಾಸ ಬಿಟ್ಟ ಮೇಲೆ ಮನೆಮನೆಯ ದಿವಾನಿಯಾಗೆ ಹೋಗಿ ಶುಭ ಕೋರಿ ಬರುವುದು ನಮ್ಮ ಪದ್ಧತಿ. ಒಂದೊಂದು ಕಡೆ ಒಂದು ಗುಟುಕು ಕಾಫಿ, ಎರಡು ಮಾತು, ಎದ್ದು ಮುಂದಿನ ಮನೆಗೆ. ಸಬೀಕಾಗೆ ಮಾತು ಕೊಟ್ಟಿದ್ದೆನಲ್ಲ, ವಿಚಾರಿಸಿದ ಹಾಗೂ ಆಗಲಿ ಅಂತ ಎಲ್ಲ ಕಡೆ ಹೋದೆ.

ವಿಚಾರಿಸುವುದೇ ಬೇಕಾಗಲಿಲ್ಲ. ಮೊದಲ ಮನೆಯಲ್ಲೇ ಶೀತಾಗಾರದ ಮಾತು ಬಂತು. ಬ್ಯಾಂಕಿನವನೊಬ್ಬ, ನನ್ನನ್ನು ಕಂಡರಿಯದವನು, ಕೈ ಆಡಿಸಿಕೊಂಡು ಹೇಳಿದ: "ಯಾರೋ ದೊಡ್ಡ ಮನುಷ್ಯರು ಹೇಳಿದ್ರಂತ್ರೀ, ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟೊತ್ತಿಗೆ ಮಾರಿರ್ತಿದ್ದೆ ಅಂತ!"

ಕಾಫಿ ಮುಗಿಸದೆ ಎದ್ದೆ. ಮುಂದಿನ ಮನೆಯಲ್ಲೂ ಅದೇ ಮಾತು. ಅದರಾಚೆಯ ಮನೆಯಲ್ಲಿ ಅದು ಸ್ವಲ್ಪ ಬೆಳೆದಿತ್ತು. ಅಲ್ಲಿ ಆ ದೊಡ್ಡ ಮನುಷ್ಯ ತನ್ನದನ್ನೂ ಮಾರಿಬಿಟ್ಟಿದ್ದ. ಇನ್ನೊಂದು ಕಡೆ ಮಂತ್ರಿಯೇ ಆಗಿಹೋಗಿದ್ದ.

"ಯಾರಂತೆ ಆತ?" ಅಂತ ಕೇಳಿದೆ. ಕೇಳಲೇಬೇಕಲ್ಲ.

"ಯಾರಾದ್ರೇನು, ಪುಣ್ಯಾತ್ಮ" ಅಂದರು.

ಮನೆಗೆ ಬಂದು ಸಬೀಕಾಗೆ ಸಂದೇಶ ಕಳಿಸಿದೆ: ಎಷ್ಟು ಕಡೆ ವಿಚಾರಿಸಿದರೂ ಮೂಲ ಸಿಗುತ್ತಿಲ್ಲ. ತಕ್ಷಣ ಉತ್ತರ ಬಂತು: ಉಪವಾಸದ ದಿನಗಳಲ್ಲಿ ನನಗೋಸ್ಕರ ಇಷ್ಟು ಅಲೆದಿರಾ ಚಿಕ್ಕಪ್ಪಾ, ದೇವರು ನಿಮಗೆ ಒಳ್ಳೆಯದು ಮಾಡಲಿ.

ಮಾರ್ಚ್ 4, ಮಂಗಳವಾರ

ತಲೆನೋವು. ದಿವಾನಿಯಾ ತೆರೆಯಲಿಲ್ಲ. ಅಪ್ಪ ಸತ್ತ ವಾರವೂ ಮುಚ್ಚಿರಲಿಲ್ಲ.

ಮಾರ್ಚ್ 12, ಬುಧವಾರ

ಸಮಿತಿಯ ಸಭೆ ಮುಗಿಯಿತು. ಸಬೀಕಾಳ ಅಮಾನತಿಗೆ ಸಮಿತಿ ಒಪ್ಪಿತು. ಸಮಿತಿ ಅಂದರೆ ನಾನು, ಉಳಿದಿಬ್ಬರು ನನ್ನ ಮುಖ ನೋಡಿ ಕೈ ಎತ್ತುವವರು.

ಇದು ಅವಳ ಒಳ್ಳೆಯದಕ್ಕೇ. ಗದ್ದಲ ತಣ್ಣಗಾಗುವ ತನಕ ಮನೆಯಲ್ಲಿರಲಿ, ಆಮೇಲೆ ನಾನೇ ಮುಂದೆ ನಿಂತು ವಾಪಸು ಕರೆತರುತ್ತೇನೆ. ಬರ್ರಾಕ್ ನೇರವಾಗಿ ಕೆಲಸದಿಂದಲೇ ತೆಗೆಯಬೇಕೆಂದಿದ್ದ. ನಾನು ಹೋರಾಡಿ ಅಮಾನತಿಗೆ ಇಳಿಸಿದೆ. ಅವನ ಬಾಯಿ ಮುಚ್ಚಿಸಲು, "ಚಿಕ್ಕ ಹುಡುಗಿ ಕಣ್ರೀ, ಮನೇಲಿ ತಮ್ಮನ ಎದುರು ಬಾಯ್ತಪ್ಪಿ ಏನಾದ್ರೂ ಅಂದಿರ್ಬಹುದು, ಕೆಟ್ಟ ಉದ್ದೇಶ ಇರಲ್ಲ" ಅಂದೆ. ಕಾರ್ಯದರ್ಶಿ ಅದನ್ನು ಬರೆದುಕೊಂಡ. ಅದನ್ನು ಬರೆಯಬೇಡ ಅನ್ನೋಣವೆಂದುಕೊಂಡೆ, ಅಷ್ಟರಲ್ಲಿ ಮುಂದಿನ ವಿಷಯ ಬಂತು.

ಹುಡುಗಿಗೆ ಮೂವತ್ತಾರು ವರ್ಷ.

ಇಫ್ತಾರಿಗೆ ಕೂತಾಗ ಹೆಸ್ಸಾ ಗೋಧಿ ಮಾಂಸದ ಹರೀಸ್ ಬಡಿಸುತ್ತಾ ಕೇಳಿದಳು: "ಇವತ್ತು ಹೇಳಿದ್ರಾ?"

"ಏನನ್ನ?"

ಅವಳು ಸೌಟನ್ನು ಪಾತ್ರೆಗೆ ಹಾಕಿದಳು. "ಆ ಮಗುವಿನ ಅಪ್ಪನ ಶವಕ್ಕೆ ಹೆಗಲು ಕೊಟ್ಟವರು ನೀವು. ಕಣ್ಣಾರೆ ನೋಡಿದೀನಿ. ಈಗ ಯಾರ ಶವ ಹೊರ್ತಾ ಇದೀರಿ ಗೊತ್ತಾ?"

"ಹೋಗಿ ನೀನೇ ಹೇಳು ಹಾಗಾದ್ರೆ!" ಅಂತ ಕೂಗಿದೆ. ಉಪವಾಸ ಬಿಡುವ ಹೊತ್ತಿನಲ್ಲಿ ಹೆಂಡತಿಯ ಮೇಲೆ ಕೂಗಾಡಿದೆ, ಛೀ.

"ನಾನು ಹೇಳಿದ್ರೆ ಗಾನಿಮ್‌ನ ಮಕ್ಕಳು ಶಾಲೇಲಿ ಯಾರ ಮೊಮ್ಮಕ್ಕಳು ಅನ್ನಿಸ್ಕೊಳ್ತಾರೆ ಅಂತ ನಂಗೂ ಗೊತ್ತು" ಅಂದಳು. ಅಳುತ್ತಿದ್ದಳು. "ಅದಕ್ಕೇ ಹೇಳ್ತಿಲ್ಲ. ನಿಮ್ಮ ಜೊತೆ ನನ್ನನ್ನೂ ಹಾಳು ಮಾಡಿದ್ರಿ."

ಹರೀಸ್ ತಣ್ಣಗಾಯಿತು. ಇಬ್ಬರೂ ತಿನ್ನಲಿಲ್ಲ.

ಮಾರ್ಚ್ 19, ಬುಧವಾರ

ಏನೂ ಇಲ್ಲ.

ಮಾರ್ಚ್ 26, ಬುಧವಾರ

ನಮಾಜಿನಲ್ಲಿ ನಿಂತರೂ ಆ ಬ್ಯಾಂಕಿನವನ ದನಿಯೇ ಕೇಳುತ್ತದೆ. ನಲವತ್ತು ವರ್ಷ ಪಾಠ ಹೇಳಿದೆ, ನನ್ನ ಒಂದು ಮಾತೂ ತರಗತಿಯ ಬಾಗಿಲು ದಾಟಲಿಲ್ಲ. ಈ ಒಂದು ಮಾತು ಊರೆಲ್ಲ ಓಡಾಡಿತು. ಈ ಕಂಪನಿ, ಈ ಷೇರುಪೇಟೆ, ಈ ನಿಯಮಗಳು, ಎಲ್ಲ ಹಾಳಾಗಿಹೋಗಲಿ. ಯಾರಿಗಾಗಿ ಬರೆದ ನಿಯಮಗಳಿವು? ಅಕ್ಕಪಕ್ಕದವರ ಮುಖ ನೋಡದೆ ಬದುಕುವ ದೇಶದವರು ಬರೆದದ್ದನ್ನು ತಂದು ನಮ್ಮ ಮೇಲೆ ಹೇರಿದರೆ ಹೀಗೇ ಆಗುವುದು. ಬದುಕು ಸಾಕಾಗಿದೆ. ಬೆಳಗಾಗುವುದೇ ಬೇಡ ಅನ್ನಿಸುತ್ತದೆ.

ಏಪ್ರಿಲ್ 8, ಮಂಗಳವಾರ

ಪ್ರಾಧಿಕಾರದಲ್ಲಿ ವಿಚಾರಣೆ ಇತ್ತು. ಸಬೀಕಾಳೇ ನನ್ನನ್ನು ತನ್ನ ಪರ ಸಾಕ್ಷಿಯಾಗಿ ಕರೆದಿದ್ದಳು. "ನನ್ನ ನಡತೆ ಎಂಥದ್ದು ಅಂತ ಎರಡು ಮಾತು ಹೇಳಿ ಚಿಕ್ಕಪ್ಪಾ, ನಿಮ್ಮ ಮಾತಿಗೆ ತೂಕ ಇದೆ." ಇಲ್ಲ ಅನ್ನಲಾಗುತ್ತದೆಯೇ? ಹೋದೆ. ಈ ಸಲ ಕಾರಿನ ಬಾಗಿಲಿಂದ ವಾಪಸು ಬರಲಿಲ್ಲ.

ವಿಚಾರಣಾಧಿಕಾರಿ ಎದ್ದು ನಿಂತು ಸಲಾಂ ಹೇಳಿದ. ಅವನೂ ನನ್ನ ವಿದ್ಯಾರ್ಥಿ. ಇಡೀ ದೇಶವೇ ನನ್ನ ವಿದ್ಯಾರ್ಥಿ, ಏನು ಮಾಡೋಣ? ಸಬೀಕಾ ಗೋಡೆಯ ಪಕ್ಕ ಕೂತಿದ್ದಳು, ಇಳಿದುಹೋಗಿದ್ದಾಳೆ. ನಾನು ಮನಃಪೂರ್ವಕವಾಗಿ ಮಾತಾಡಿದೆ. ಪ್ರಾಮಾಣಿಕಳು, ಧೈರ್ಯವಂತೆ, ಇವಳಿಲ್ಲದಿದ್ದರೆ ಆ ಕೊಳೆತ ಮಾಂಸ ಇನ್ನೂ ಲಾಭ ಎನಿಸಿಕೊಂಡಿರುತ್ತಿತ್ತು ಅಂತ. ಇವಳು ಸುದ್ದಿ ಹೊರಗೆ ಬಿಟ್ಟಳೆಂದು ನಾನು ನಂಬುವುದಿಲ್ಲ ಅಂತಲೂ ಹೇಳಿದೆ. ಪ್ರತಿ ಮಾತೂ ನಿಜ. ಅವಳು ಅಬಾಯಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎದ್ದೇಳಬೇಕು ಅನ್ನುವಷ್ಟರಲ್ಲಿ ಅಧಿಕಾರಿ ತಡೆದ. "ಕ್ಷಮಿಸಿ ಸರ್, ಕೇಳೋಕೆ ನಾಚಿಕೆಯಾಗುತ್ತೆ. ನಿಯಮ ಇದೆ ಅಂತ ಕೇಳ್ತಿದೀನಿ, ಅಷ್ಟೇ. ವರದಿ ಮೂವರ ಹತ್ರ ಇತ್ತು. ಅಧ್ಯಕ್ಷರು ಯಾರಿಗೂ ಹೇಳಿಲ್ಲ ಅಂತ ಪ್ರಮಾಣ ಮಾಡಿದಾರೆ. ನೀವು ಯಾರಿಗಾದ್ರೂ, ಯಾವ ರೀತೀಲಾದ್ರೂ, ಏನಾದ್ರೂ ಹೇಳಿದ್ರಾ?"

ಘುತ್ರಾದ ಅಂಚು ಸರಿಮಾಡಿಕೊಂಡೆ.

"ಇಲ್ಲ" ಅಂದೆ.

"ಗೊತ್ತಿತ್ತು ಸರ್" ಅಂತ ಅವನು ಗುರುತು ಹಾಕಿಕೊಂಡ.

ಬರೀ ಔಪಚಾರಿಕ ಪ್ರಶ್ನೆ. ಅದಕ್ಕೆ ಔಪಚಾರಿಕ ಉತ್ತರ.

ಏಪ್ರಿಲ್ 15, ಮಂಗಳವಾರ

ದಿವಾನಿಯಾ ಮತ್ತೆ ತೆರೆದೆ. ಬೂ ಶಮ್ಲಾನ್ ಮಗಳ ಮದುವೆಯ ಸಿಹಿ ತಂದಿದ್ದ. ಶೀತಾಗಾರದ ಮಾತು ಯಾರೂ ಎತ್ತಲಿಲ್ಲ, ಎಲ್ಲರಿಗೂ ಹಳತಾಗಿದೆ. ಎಷ್ಟೋ ದಿನಗಳ ಮೇಲೆ ಊಟ ಸೇರಿತು. ಹೆಸ್ಸಾ ಮೂರು ದಿನದಿಂದ ತಂಗಿಯ ಮನೆಯಲ್ಲಿದ್ದಾಳೆ, ತಂಗಿಗೆ ಮೈ ಸರಿಯಿಲ್ಲವಂತೆ.

ಏಪ್ರಿಲ್ 27, ಭಾನುವಾರ

ತೀರ್ಪು ಬಂತು. ಮೂವರಲ್ಲಿ ಇಬ್ಬರು ಸಂದೇಹಾತೀತರು, ಉಳಿದವಳ ತಮ್ಮ ಷೇರು ಮಾರಿದ್ದಾನೆ. ಅಷ್ಟೇ ತರ್ಕ. ಸಮಿತಿಯಲ್ಲಿ ಕಾರ್ಯದರ್ಶಿ ಬರೆದುಕೊಂಡಿದ್ದ ಆ ಮಾತನ್ನೂ ಎಲ್ಲೋ ಒಂದು ಕಡೆ ಎತ್ತಿ ಹೇಳಿದ್ದಾರೆ, ಹೇಳಿದ್ದು ಯಾರು ಅಂತ ಹಾಕಿಲ್ಲ. ಆಕೆ ಇನ್ನು ಷೇರುಪೇಟೆಯ ಯಾವ ಕಂಪನಿಯಲ್ಲೂ ಈ ಕೆಲಸ ಮಾಡುವಂತಿಲ್ಲ, ಜೀವಮಾನದಲ್ಲಿ. ದಂಡವೂ ಇದೆ. ತಮ್ಮನ ಮದುವೆಯ ಮಾತು ಮುರಿದುಬಿದ್ದಿತಂತೆ, ಕಳ್ಳಿಯ ಮನೆಗೆ ಹೆಣ್ಣು ಕೊಡುವುದಿಲ್ಲ ಅಂದರಂತೆ. ಮೇಲ್ಮನವಿ ಹಾಕು ಅಂತ ಫೋನಿನಲ್ಲಿ ಹೇಳಿದೆ. ಹಣವಿಲ್ಲ, ಶಕ್ತಿಯೂ ಇಲ್ಲ ಅಂದಳು. ಒತ್ತಾಯ ಮಾಡಲಿಲ್ಲ.

ಸಂಜೆ ಆಕೆಯೇ ಮನೆಗೆ ಬಂದಳು. ಹೆಸ್ಸಾ ಇನ್ನೂ ವಾಪಸಾಗಿಲ್ಲ, ಹೆಂಗಸರಿಲ್ಲದ ಮನೆಯೊಳಗೆ ಬಾ ಎನ್ನಲಾಗದೆ ಅಂಗಳದ ಬಾಗಿಲಲ್ಲೇ ಮಾತಾಡಿದೆವು. ಬಹರೈನಿನಲ್ಲಿ ಒಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಗಬಹುದಂತೆ. ಅದನ್ನು ಹೇಳಿಯೂ ಹೊರಡಲಿಲ್ಲ. ಗೊತ್ತಾಗಿಬಿಟ್ಟಿತು, ಈಗ ಕೇಳುತ್ತಾಳೆ ಅಂದುಕೊಂಡೆ. ಕೇಳಿದರೆ ಹೇಳಿಬಿಡುತ್ತಿದ್ದೆನೇನೋ.

"ಚಿಕ್ಕಪ್ಪಾ, ಒಂದು ವಿಷಯಕ್ಕೆ ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಂತ ಬಂದೆ" ಅಂದಳು. "ಅವತ್ತು ವಿಚಾರಣೇಲಿ ನನ್ನಿಂದಾಗಿ ಆ ಅಧಿಕಾರಿ ನಿಮ್ಮಂಥವರಿಗೆ ಅಂಥ ಪ್ರಶ್ನೆ ಕೇಳೋ ಹಾಗಾಯ್ತಲ್ಲ. ಎಲ್ಲರೆದುರು. ಅದು ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ."

"ಪರವಾಗಿಲ್ಲ ಮಗಳೇ, ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದೆ.